ಮಳೆಗೆ ಒಣಗದ ಬಣ್ಣ

ಮೂಡಿಗೆರೆ
9 ಆಗಸ್ಟ್ 2024

ಪ್ರೀತಿಯ ಅಪ್ಪಯ್ಯನಿಗೆ, ನಿಮ್ಮ ಸಿಡುಕಿಗೆ ಹೆದರುತ್ತಲೇ ಕವನಾಳ ನಮಸ್ಕಾರ.

ನಿಮ್ಮ ಹಳೆಯ ಫಿಯೆಟ್ಟಿನ ಸ್ಟೀರಿಂಗ್ ಈ ಪತ್ರದ ಜೊತೆಗೇ ಬರುತ್ತಿದೆ. ಬಿರುಕುಗಳನ್ನು ಬ್ಲೇಡಿನಿಂದ ಅಗಲಿಸಿ, ಎಂ-ಸೀಲ್ ತುಂಬಿ, ಎಮರಿ ಕಾಗದದಲ್ಲಿ ಉಜ್ಜಿ, ಮೊದಲಿದ್ದ ದಂತದ ಬಣ್ಣವನ್ನೇ ಹೊಡೆದಿದ್ದೇನೆ. ನಿಮ್ಮ ಹೆಬ್ಬೆರಳು ಸವೆಸಿದ ತಗ್ಗನ್ನು ಮಾತ್ರ ತುಂಬಲು ಮನಸ್ಸು ಬರಲಿಲ್ಲ.

ನೀವು ಫೋನ್ ಮಾಡಿದಾಗಲೆಲ್ಲ ಮಳೆಗೆ ಬಣ್ಣ ಒಣಗುತ್ತಿಲ್ಲ ಎನ್ನುತ್ತಿದ್ದೆನಲ್ಲ, ಅದು ಶುದ್ಧ ಸುಳ್ಳು. ನನ್ನ ಪೇಂಟಿಂಗ್ ಶೆಡ್ಡಿನಲ್ಲಿ ಬಲ್ಬು ಉರಿಸಿಟ್ಟರೆ ಎಂಥ ಮಳೆಯಲ್ಲೂ ಒಣಗುತ್ತದೆ. ಒಣಗಿದ್ದನ್ನು ನಾನೇ ಉಜ್ಜಿ ತೆಗೆದು ಮತ್ತೆ ಹೊಡೆಯುತ್ತಿದ್ದೆ. ಸ್ಟೀರಿಂಗ್ ಇಲ್ಲದೆ ನೀವು ಕಾರು ತೆಗೆಯಲಾರಿರಿ ಎಂಬುದೊಂದೇ ನನ್ನ ಧೈರ್ಯವಾಗಿತ್ತು.

ಎಡಗಡೆಯ ನೋಟ ಹೋಗಿದೆ, ಇನ್ನು ಗಾಡಿ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದಕ್ಕೆ, "ಇಷ್ಟು ವರ್ಷ ಚಾರ್ಮಾಡಿ ಘಾಟಿ ಹತ್ತಿ ಇಳಿದೋನಿಗೆ ಅವ ಎಂಥ ಹೇಳದು ಮಾರಾಯ್ತಿ" ಎಂದು ನನ್ನನ್ನೇ ಗದರಿದಿರಿ.

ಕಳೆದ ತಿಂಗಳು ಕೊಟ್ಟಿಗೆಹಾರದಿಂದ ಬಂದಾಗ ಕಾರಿನ ಎಡಗಡೆಯ ಕನ್ನಡಿ ಒಡೆದಿತ್ತು. ಸಿಲ್ವರ್ ಓಕ್ ಮರದ ಕೊಂಬೆ ತಾಗಿತು ಎಂದಿರಿ. ಅದು ಕೊಂಬೆಯಲ್ಲ ಅಪ್ಪಯ್ಯ, ನಮ್ಮ ತೋಟದ ಕೆಲಸದ ಮರಿಯಮ್ಮನ ಕೊಡೆ. ರಸ್ತೆಯಂಚಿನಲ್ಲಿ ನಡೆದು ಬರುತ್ತಿದ್ದರು. ನೀವು ನಿಲ್ಲಿಸಲಿಲ್ಲ, ಏಕೆಂದರೆ ಅವರು ನಿಮಗೆ ಕಾಣಲೇ ಇಲ್ಲ. "ಸಾವ್ಕಾರ್ರಿಗೆ ಹೇಳ್ಬೇಡಿ ಕವನಮ್ಮ, ಸುಮ್ನೆ ನೊಂದ್ಕೊಳ್ತಾರೆ" ಎಂದು ನನ್ನಿಂದ ಮಾತು ತೆಗೆದುಕೊಂಡರು. ಕೊಡೆ ಮುರಿಯಿತು. ಅದಾದ ಮೇಲೆಯೇ ನಾನು ಬಿರುಕಿನ ನೆಪ ಹೇಳಿ ಸ್ಟೀರಿಂಗ್ ಬಿಚ್ಚಿಕೊಂಡು ಬಂದದ್ದು.

ಮೊನ್ನೆ ಅಮ್ಮ ಫೋನಿನಲ್ಲಿ, ನೀವು ಬೇರೆ ಸ್ಟೀರಿಂಗ್ ಹುಡುಕಲು ಕಳಸದ ಗ್ಯಾರೇಜಿಗೆ ಹೇಳಿ ಕಳಿಸಿದ್ದೀರಿ ಎಂದರು. ಇನ್ನು ನನ್ನ ನಾಟಕ ನಡೆಯುವುದಿಲ್ಲ. ನನಗೆ ಭಯವಾಗುತ್ತಿದೆ ಅಪ್ಪಯ್ಯ. ಬಿಗಿಯುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ನಿಮ್ಮ ಹಟವನ್ನೇ ಪಡೆದು ಹುಟ್ಟಿದ ಮಗಳು,
ಕವನಾ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಕೈ ಬಾರದ್ದು. ಮುರಿದದ್ದು ಕೊಡೆಯೊಂದೇ ಅಲ್ಲ. ಜ್ವರವೆಂದು ಹೇಳಿ ಇಲ್ಲಿ ತಮ್ಮ ಮಗಳ ಮನೆಯಲ್ಲಿದ್ದ ಮರಿಯಮ್ಮ ಇಂದು ತೋಟಕ್ಕೆ ಮರಳುತ್ತಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನೆಲ್ಲ ಬರೆದೆ. ಸ್ಟೀರಿಂಗ್ ತರುತ್ತಿರುವವರೂ ಅವರೇ. ಎಡಗೈಯಲ್ಲಿ ಕೊಟ್ಟರೆಂದು ಬೇಸರಿಸಬೇಡಿ. ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ.