ಎಣಿಸದ ಕೈ

ಕಾಲಪಂಪ
ಜೂನ್ 14, 2004

ಪ್ರೀತಿಯ ವಿಲ್ಮಾ,

ಚೆನ್ನಾಗಿದ್ದೀಯಾ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೆಟ್ಟದ ಮೇಲಿನ ಈ ಜೂನ್ ಚಳಿಗೆ ಬೆರಳು ಮರಗಟ್ಟಿತ್ತು ಎಂದು ನೆಪ ಹೇಳಬಹುದು. ನಿಜವೆಂದರೆ, ಸೋತ ಸುದ್ದಿ ಬರೆಯಲು ಮನಸ್ಸಾಗಲಿಲ್ಲ. ಊರಿನ ನೀರಬುಗ್ಗೆ ಗಣಿಯವರ ಪಾಲಾಯಿತು.

ಅವ್ವ ಗಟ್ಟಿಯಾಗಿದ್ದಾಳೆ. ಅಂಗಳದ ತುಂಬ ಆಲೂಗಡ್ಡೆ ಹರವಿ, ರಾತ್ರಿ ಹಿಮಕ್ಕೆ ಬಿಟ್ಟು, ಬೆಳಿಗ್ಗೆ ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಾಳೆ. ಒಣಗಿದ ಮೇಲೆ ನಿನಗೊಂದು ಚೀಲ ಕಳಿಸಬೇಕಂತೆ. ಲಾ ಪಾಸ್ ಪಟ್ಟಣದಲ್ಲಿ ಆ ಹುಡುಗಿ ಏನು ತಿನ್ನುತ್ತಾಳೋ ಎಂದು ಕೇಳುತ್ತಲೇ ಇರುತ್ತಾಳೆ.

ಸಭೆಯ ವಿಷಯ ಕೇಳು. ಬುಗ್ಗೆ ಕೊಡುವುದೋ ಬೇಡವೋ ಎಂದು ಕೈ ಎತ್ತಿಸಿದರು. ಎರಡೂ ಕಡೆ ಸಮ ಬಂತು. ಸಮವಾದರೆ ಊರ ಹಿರಿಯ ಎವಾರಿಸ್ಟೋನ ಮಾತೇ ಕೊನೆ. ಅವನೋ ಗಣಿಯವರ ಕಡೆ. ನನ್ನ ಕೈ ಎಣಿಸಿದ್ದರೆ ಗೆಲ್ಲುತ್ತಿದ್ದೆವು. ಎಣಿಸಲಿಲ್ಲ. ನಮ್ಮಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೈ. ಮದುವೆಯಾಗದವಳು ತಲೆ ನೆರೆತರೂ ಪೂರ್ತಿ ಮನುಷ್ಯಳಲ್ಲ. ಒಂದು ಕೈ ಬಿಟ್ಟಿದ್ದೀರಿ ಎಂದೆ. ಎವಾರಿಸ್ಟೋ ಬಾಯಲ್ಲಿದ್ದ ಕೋಕಾ ಎಲೆಯನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿ ನಕ್ಕ.

"ಗಂಡ ಸತ್ತವಳಿಗೂ ಲೆಕ್ಕ ಐತೆ ತಂಗಿ, ಒಂದು ಸಲ ಜೋಡಿಯಾದವಳು. ನೀನು ಒಂಟಿ ಚಪ್ಪಲಿ. ರೇಡಿಯೋದಾಗೆ ನೀನೇ ಹೇಳಿದ್ದಲ್ಲವಾ, ಬಿಳಿಯರ ಲೆಕ್ಕ ಬಿಳಿಯರಿಗೆ, ನಮ್ಮ ಲೆಕ್ಕ ನಮಗೆ ಅಂತ? ನಿನ್ನ ಮಾತೇ ನಡೆಸ್ತಾ ಇದೀವಿ."

ಹೆಂಗಸರೂ ನಕ್ಕರು.

ನಿನಗೆ ನೆನಪಿರುತ್ತದೆ. ರೇಡಿಯೋಗೆ ಮೊದಲು ವಿಶ್ವವಿದ್ಯಾಲಯದ ಸಭೆಯಲ್ಲೂ ನಾನು ಅದನ್ನೇ ಗುಡುಗಿದ್ದೆ: ಗಣಿತದ ಸತ್ಯವೂ ಆಳುವವರ ಸತ್ಯ, ಬೆತ್ತದ ಜೊತೆಗೇ ಬಿಳಿಯರ ಹಡಗಿನಿಂದ ಇಳಿದದ್ದು. ನೀನೊಬ್ಬಳೇ ಎದ್ದು ನಿಂತು, ಒಂದು ಎನ್ನುವುದು ಯಾರು ಎಣಿಸಿದರೂ ಒಂದೇ, ಏನೂ ಇಲ್ಲದವರಿಗೆ ಹಿಡಿದುಕೊಳ್ಳಲು ಅಷ್ಟಾದರೂ ಬೇಡವೇ ಎಂದು ಕೇಳಿದೆ. ನಿನ್ನನ್ನು ಬಿಳಿಯರ ಗುಲಾಮಳೆಂದೆ. ಜನ ಚಪ್ಪಾಳೆ ತಟ್ಟಿದರು.

ನಮ್ಮ ಮಕ್ಕಳ ಬೆರಳಿಗೆ ಹೊಡೆದು, ನಿಮ್ಮ ಅಜ್ಜಂದಿರಿಗೆ ಎಣಿಸಲೂ ಬರುತ್ತಿರಲಿಲ್ಲ ಎಂದ ಬಿಳಿಯ ಮೇಷ್ಟರುಗಳನ್ನು ಈಗಲೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ 'ನಮ್ಮ ಸತ್ಯ' ಎಂದು ಗಂಟಲು ಹರಿದುಕೊಂಡೆನಲ್ಲ, ಆ 'ನಮ್ಮ' ಎನ್ನುವುದರೊಳಗೆ ಯಾರಿಗೆ ಜಾಗವಿದೆ, ಯಾರನ್ನು ಬಾಗಿಲಾಚೆ ನಿಲ್ಲಿಸಿದ್ದಾರೆ ಎಂದು ಒಮ್ಮೆಯೂ ನೋಡಲಿಲ್ಲ. ಈಗ ಬುಗ್ಗೆಗೆ ಮುಳ್ಳುತಂತಿ ಬಿದ್ದಿದೆ. ಅವ್ವ ಉಣ್ಣೆಯ ಲಾಮಾ ಮಂದೆಯನ್ನು ಹೊಡೆದುಕೊಂಡು ನೀರಿಗಾಗಿ ಗುಡ್ಡದಾಚೆ ಹೋಗುತ್ತಾಳೆ.

ಭೂಮಿತಾಯಿ ನಿನ್ನನ್ನು ಕಾಯಲಿ. ಬೆಚ್ಚಗಿರು.

ನಿನ್ನ
ಬಾಸಿಲಿಯಾ

ತಾ.ಕ.: ನಗು ನಿಂತ ಮೇಲೆ ಎವಾರಿಸ್ಟೋ ಮೆಲ್ಲಗೆ, ನಿಜವಾದ ಕಕ್ಕುಲಾತಿಯಿಂದಲೇ ಕೇಳಿದ: "ಹೋಗಲಿ, ಪಟ್ಟಣದಾಗೆ ನಿನಗೆ ಜೊತೆ ಅಂತ ಯಾರೂ ಇಲ್ಲವಾ?" ಪಟ್ಟಣದಲ್ಲಿ ಇಷ್ಟು ವರ್ಷ ನಮಗಿಬ್ಬರಿಗೂ ಒಂದೇ ಒಲೆ, ಒಂದೇ ಹಾಸಿಗೆ; ನಿನ್ನ ಹೆಸರು ಬಾಯಿಗೆ ಬಂದಿತ್ತು. ಹೇಳಿದ್ದರೂ ಆ ಜೋಡಿಯನ್ನು ಅವರು ಎಣಿಸುತ್ತಿರಲಿಲ್ಲ, ಬಲ್ಲೆ. ಆದರೂ ಆ ಜೋಡಿ ನಿಜ. ಯಾರೂ ಇಲ್ಲ ಎಂದುಬಿಟ್ಟೆ, ವಿಲ್ಮಾ. ಪಕ್ಕದಲ್ಲಿದ್ದ ಅವ್ವ ತಲೆಯೆತ್ತಿ ನನ್ನ ಮುಖ ನೋಡಿದಳು. ನಮ್ಮ ವಿಷಯ ಅವಳಿಗೆ ಎಂದೋ ಗೊತ್ತಿತ್ತು ಎಂದು ಆಗ ತಿಳಿಯಿತು.