ಬಾಗಿಲ ಮೇಲಿನ ಬೀಡಿ ಕಟ್ಟು

ಲಕ್ಕೂರು,
13-8-1984, ಸೋಮವಾರ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೆಲಸಕ್ಕಿರುವ ಕದಿರಪ್ಪನವರಿಗೆ,

ಗಂಡನ ಹೆಸರನ್ನು ಬಾಯಲ್ಲಿ ಆಡಬಾರದು, ಕೈಯಲ್ಲಿ ಬರೆಯಬಾರದು ಅಂತ ನಿಮ್ಮ ತಾಯಿ ನನಗೆ ಹೇಳಿಕೊಟ್ಟಿದ್ದರು. ಬರೆದಿದ್ದೇನೆ ನೋಡಿ, ಪೂರ್ತಿ ಬರೆದಿದ್ದೇನೆ. ಆಕಾಶವೇನೂ ಕಳಚಿ ಬೀಳಲಿಲ್ಲ. ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅನ್ನುವ ಸಾಲು ಈ ಕಾಗದದಲ್ಲಿ ಇಲ್ಲ. ನಮ್ಮ ಕ್ಷೇಮ ಬೇಕಾಗಿದ್ದವರು ಎರಡು ವರ್ಷದ ಹಿಂದೆಯೇ ಕೇಳಬೇಕಿತ್ತು.

ನಿಮ್ಮ ಇನ್‌ಲ್ಯಾಂಡ್ ಶುಕ್ರವಾರ ಬಂತು. ನಿಮ್ಮ ಚಿಕ್ಕಪ್ಪನ ಮಗ ಸೊಣ್ಣಪ್ಪ ಅಲ್ಲಿಗೆ ಬಂದಿದ್ದನಂತೆ, ಚನ್ನರಾಯಪ್ಪನ ಸಾಲ ತೀರಿತು ಅಂದನಂತೆ, ಅದಕ್ಕೆ ಗೌರಿ ಹಬ್ಬಕ್ಕೆ ಊರಿಗೆ ಬರಲೇ ಅಂತ ಕೇಳಿದ್ದೀರಿ. ಆಹಾ! ಅಡುಗೆ ಆದ ಮೇಲೆ ಎಲೆ ಹಿಡಿದುಕೊಂಡು ಬಂದ ಹಾಗಾಯಿತು. ಸೌದೆ ಒಡೆದವರು ಯಾರು, ಹೊಗೆ ಕುಡಿದವರು ಯಾರು ಅಂತ ಕೇಳುವ ಮನಸ್ಸೂ ನಿಮಗೆ ಬರಲಿಲ್ಲ.

ಈ ಕಾಗದವನ್ನು ನಾನೊಬ್ಬಳೇ ಬರೆಯುತ್ತಿಲ್ಲ. ನಮ್ಮ ಜಗಲಿಯ ಮೇಲೆ ವೆಂಕಟರತ್ನಮ್ಮ, ಮುನಿಗಂಗಮ್ಮ, ಶ್ಯಾಮಲಮ್ಮ ಮೂವರೂ ಕೂತಿದ್ದಾರೆ. ಅವರಿಗೆ ಅಕ್ಷರ ಬರುವುದಿಲ್ಲ, ನನಗೆ ಏಳನೇ ಕ್ಲಾಸಿನಷ್ಟು ಬರುತ್ತದೆ. ಬರೆದದ್ದನ್ನೆಲ್ಲ ಓದಿ ಹೇಳಬೇಕು ಅಂತ ಕರಾರು. ಆದ್ದರಿಂದ ಇದರಲ್ಲಿ ಮೆತ್ತನೆಯ ಮಾತು ಹುಡುಕಬೇಡಿ, ಸಿಕ್ಕುವುದಿಲ್ಲ.

ಆ ದಿನ ಏನಾಯಿತು ಅಂತ ಮೊದಲು ಬರಿ ಅನ್ನುತ್ತಿದ್ದಾಳೆ ಮುನಿಗಂಗಮ್ಮ. ನಿಮಗೆ ಗೊತ್ತಿರುವುದೇ. ರೇಷ್ಮೆ ಹುಳು ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದಿದ್ದವು, ಇನ್ನು ಆರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಮೊಟ್ಟೆಗೆ, ತಟ್ಟೆಗೆ, ಹುಳು ಮನೆಯ ಸೂರಿಗೆ ಅಂತ ಮಾಲೂರಿನ ಚನ್ನರಾಯಪ್ಪನ ಹತ್ತಿರ ಮೂರು ಸಾವಿರ ತಂದಿದ್ದೆವು. ಸಾಯಂಕಾಲ ಸೊಪ್ಪು ಹಾಕಿದೆವು. ಬೆಳಿಗ್ಗೆ ನೋಡಿದರೆ ತಟ್ಟೆ ತಟ್ಟೆಯೂ ತಲೆ ಎತ್ತಿ ಹಸಿರು ಕಕ್ಕಿ ಸತ್ತಿದ್ದವು. ಹೊಗೆಸೊಪ್ಪಿನ ನಂಜು ಅಂದರು ರೇಷ್ಮೆ ಇಲಾಖೆಯವರು. ಹುಳು ಮನೆಯ ಹತ್ತಿರ ಹೊಗೆಸೊಪ್ಪು ಸುಳಿಯಬಾರದು ಅಂತ ಈ ಸೀಮೆಯ ಹಸುಗೂಸಿಗೂ ಗೊತ್ತು. ಬೀಡಿ ಸೇದುತ್ತಿದ್ದವರು ಮನೆಯಲ್ಲಿ ಒಬ್ಬರೇ. ಹಿಂದಿನ ಸಾಯಂಕಾಲ ನೀವು ಕಿವಿಯಲ್ಲಿ ಬೀಡಿ ಸಿಕ್ಕಿಸಿಕೊಂಡು ಹುಳು ಮನೆಯ ಬಾಗಿಲಲ್ಲಿ ನಿಂತಿದ್ದನ್ನು ಸೊಣ್ಣಪ್ಪ ನೋಡಿದ್ದ. ನಾನು ಊರೆಲ್ಲ ಸೇರುವ ಹಾಗೆ ನಿಮ್ಮನ್ನು ಬೈದೆ. ಎಂಟು ದಿನಕ್ಕೆ ನೀವು ಮನೆ ಬಿಟ್ಟಿರಿ. ಅಷ್ಟೇ.

ನೀವು ಹೋದ ಮರುದಿನವೇ ಚನ್ನರಾಯಪ್ಪ ಬಂದ. ಅವನಿಗೆ ದುಡ್ಡಿಗಿಂತ ಹೆಚ್ಚಾಗಿ ನಮ್ಮ ಹಿಪ್ಪುನೇರಳೆ ಹೊಲದ ಮೇಲೆ ಕಣ್ಣು, ಅದಕ್ಕಿಂತ ಹೆಚ್ಚಾಗಿ ಅದರ ಮಣ್ಣಿನ ಮೇಲೆ. ಇಟ್ಟಿಗೆ ಸುಡುವವನಿಗೆ ಇನ್ನೇನು ಬೇಕು? ಎರಡು ವರ್ಷದೊಳಗೆ ತೀರದಿದ್ದರೆ ಮೂರಡಿ ಮಣ್ಣು ಎತ್ತುತ್ತೇನೆ ಅಂತ ಹೊಲದ ಮೂಲೆಯಲ್ಲಿ ಗೂಟ ಹೊಡೆಸಿ ಹೋದ. ಮೂರಡಿ ಎತ್ತಿದ ಮೇಲೆ ಅಲ್ಲಿ ಎಕ್ಕದ ಗಿಡವೂ ಹುಟ್ಟುವುದಿಲ್ಲ. ನಾನು, ಮಗಳು ಇಬ್ಬರೂ ಅದೇ ಇಟ್ಟಿಗೆ ಹೊರಲು ಹೋಗಬೇಕಾಗಿತ್ತು.

ಕೈ ಹಿಡಿದವರು ಇಲ್ಲಿ ಕೂತಿರುವ ಮೂವರು. ಅವರಿಗೂ ಸಾಲವಿತ್ತು. ಯಾರ ಮನೆಯಲ್ಲಿ ಹುಳು ಹಣ್ಣಾದರೂ ನಾಲ್ವರೂ ಕೂಲಿಯಿಲ್ಲದೆ ಮುಯ್ಯಾಳಾಗಿ ಹೋಗಿ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು, ಕೂಲಿಗೆ ಕೊಡಬೇಕಾಗಿದ್ದ ದುಡ್ಡನ್ನು ಆ ಮನೆಯವಳು ವೆಂಕಟರತ್ನಮ್ಮನ ಉಪ್ಪಿನಕಾಯಿ ಜಾಡಿಗೆ ಹಾಕುವುದು, ಅದು ಹಾಕಿದವಳ ಸಾಲಕ್ಕೇ ಹೋಗುವುದು. ರಾಗಿ ಕೊಯ್ಲಿಗೆ, ಕಳೆಗೆ ಕೂಲಿ ಹೋದರೂ ಅರ್ಧ ಜಾಡಿಗೆ. ಪ್ರತಿ ಸೋಮವಾರ ಈ ಜಗಲಿಯ ಮೇಲೆ ಒಬ್ಬೊಬ್ಬಳೂ ವಾರದಲ್ಲಿ ಏನು ಖರ್ಚು ಮಾಡಿದೆ ಅಂತ ಬಾಯಿಬಿಟ್ಟು ಹೇಳಬೇಕು. ಶ್ಯಾಮಲಮ್ಮ ಒಂದು ಸಲ ಬಳೆ ತೊಟ್ಟು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು. ಮುನಿಗಂಗಮ್ಮ ತೆಲುಗು ಗಡಿಯ ಕಡೆಯವಳು, ಅವಳ ಬಾಯಿ ನಿಮಗೆ ಗೊತ್ತಲ್ಲ. "ಅಪ್ಪು ಚೇಸಿ ಪಪ್ಪು ಕೂಡು ಅಂತಾರಲ್ಲ, ನಿಂದು ಅದೇ ಆಯ್ತಮ್ಮ, ಸಾಲ ಮಾಡಿ ಸಂಭ್ರಮ!" ಅಂದಳು. ಶ್ಯಾಮಲಮ್ಮ ಅತ್ತಳು, ಮುಂದಿನ ಸೋಮವಾರ ಎರಡರಷ್ಟು ತಂದು ಹಾಕಿದಳು.

ನನಗೆ ಬೈಗುಳ ಸಾಲುತ್ತಿರಲಿಲ್ಲ. ಎರಡು ತಿಂಗಳಿಗೇ ಸುಸ್ತಾದೆ. ಗೂಟ ಹೊಡೆದವನು ಮಣ್ಣು ತೆಗೆದುಕೊಂಡು ಸಾಯಲಿ ಅಂದೆ. ಆಗ ವೆಂಕಟರತ್ನಮ್ಮ ಒಳಗೆ ಹೋಗಿ ಗೋಡೆಯ ಮೊಳೆಗೆ ನೇತು ಹಾಕಿದ್ದ ನಿಮ್ಮ ಅಂಗಿಯ ಜೇಬಿನಿಂದ ಬೀಡಿ ಕಟ್ಟು ತಂದಳು. ದಾರ ಕಟ್ಟಿ ಹುಳು ಮನೆಯಲ್ಲಿ ಬೇಡ ಅಂತ ಈ ತಲೆಬಾಗಿಲಿಗೆ ತೂಗು ಹಾಕಿದಳು. "ಬರ್ತಾ ಹೋಗ್ತಾ ನೋಡ್ತಿರು. ಸಾಲ ತೀರಿದ ದಿನ ಸುಡೋಣ" ಅಂದಳು. ಅವತ್ತಿನಿಂದ ಅದೇ ನನಗೆ ಚಾಟಿ. ಈ ವರ್ಷ ಯುಗಾದಿಗೆ ಮಾಲೂರಿನ ಅಂಗಡಿಯಲ್ಲಿ ಹಸಿರು ಅಂಚಿನ ಸೀರೆಯೊಂದನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದೆ. ಹಿಂದಿನಿಂದ ಮುನಿಗಂಗಮ್ಮ, "ಏನೇ ಭಾರತಿ, ಬೀಡಿ ವಾಸ್ನೆ ಮರ್ತೋಯ್ತಾ?" ಅಂದಳು. ಸೀರೆ ಬಿಟ್ಟು ಎದ್ದು ಬಂದೆ. ಸಾಲ ಕಟ್ಟಲು ಮಾಲೂರಿಗೆ ಹೋಗುವಾಗ ನಾಲ್ವರೂ ಒಟ್ಟಿಗೇ ಹೋಗುವುದು ಅಂತ ಅವತ್ತೇ ಗೊತ್ತು ಮಾಡಿದೆವು. ದಾರಿಯಲ್ಲಿ ಆ ಅಂಗಡಿ ಇದೆಯಲ್ಲ.

ಹೀಗೆ ತೀರಿತು ಸಾಲ. ನಾಲ್ವರೂ ಒಟ್ಟಿಗೆ ಮೊದಲ ಸಲ ಹೋದಾಗ ಚನ್ನರಾಯಪ್ಪ, "ಏನ್ರಮ್ಮ, ನಾಲ್ಕು ಜನ ಬಂದಿದ್ದೀರಿ, ಮದುವೆಗೆ ಕರೆಯೋಕಾ?" ಅಂತ ನಕ್ಕಿದ್ದ. ಜುಲೈ ಕೊನೆಯಲ್ಲಿ ಹೋದಾಗ ಎಣಿಸಿಕೊಂಡು ಸಾಲದ ಪತ್ರ ಎಸೆದ. ವೆಂಕಟರತ್ನಮ್ಮ ಅದನ್ನು ಅವನೆದುರೇ ಹರಿದು, "ನಿನ್ನ ಇಟ್ಟಿಗೆಗೆ ಬೇರೆ ಮಣ್ಣು ನೋಡ್ಕೊಳಪ್ಪ" ಅಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾಲ್ವರೂ ಹುಚ್ಚರ ಹಾಗೆ ನಕ್ಕೆವು. ಊರಿಗೆ ಬಂದು ಗೂಟ ಕಿತ್ತು ಒಲೆಗೆ ಹಾಕಿದೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಬರಬೇಡಿ. ಸಾಲ ಇದ್ದಾಗ ಇಲ್ಲದ ಮನೆ ಸಾಲ ತೀರಿದ ಮೇಲೆ ಯಾಕೆ? ಎರಡು ವರ್ಷದಲ್ಲಿ ಒಂದು ರೂಪಾಯಿ ಕಳಿಸಿದವರಲ್ಲ, ಮಗಳಿಗೆ ಒಂದು ರಿಬ್ಬನ್ ತಂದವರಲ್ಲ. ಬಂದರೆ ಬಾಗಿಲು ತೆಗೆಯುವುದಿಲ್ಲ. ಮುಂದಿನ ಸೋಮವಾರ ಆ ಬೀಡಿ ಕಟ್ಟನ್ನು ಅಂಗಳದಲ್ಲಿ ಸುಡುತ್ತೇವೆ. ನಿಮ್ಮ ಋಣವೂ ಅದರೊಂದಿಗೇ ಹೋಗಲಿ. ಮುನಿಗಂಗಮ್ಮ ಇನ್ನೂ ನಾಲ್ಕು ಮಾತು ಹೇಳುತ್ತಿದ್ದಾಳೆ, ಅವನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಇಂತಿ,
ಶ್ರೀರಾಮಪ್ಪನವರ ಮಗಳು
ಭಾರತಮ್ಮ

ವಿ. ಸೂ.: ಓದಿ ಹೇಳಿದೆ. ಮೂವರೂ ಚೆನ್ನಾಗಿದೆ ಅಂತ ಎದ್ದು ಹೋದರು. ಲಕೋಟೆಗೆ ಹಚ್ಚಲು ಅನ್ನದ ಅಗುಳು ತಂದವಳು ಅಂಟಿಸಲಾರದೆ ಕೂತಿದ್ದೇನೆ. ಇನ್ನು ಮುಂದಿನದನ್ನು ಯಾರಿಗೂ ಓದಿ ಹೇಳಿಲ್ಲ.

ರೀ, ಹುಳು ಸತ್ತದ್ದು ನಿಮ್ಮ ಬೀಡಿಯಿಂದಲ್ಲ. ಸೊಪ್ಪು ಬಾಡದಿರಲಿ ಅಂತ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದೆವಲ್ಲ, ಆ ಸಾಯಂಕಾಲ ಒಂದು ಚೀಲ ಸಾಲದೆ ಅಟ್ಟದಿಂದ ಇನ್ನೊಂದನ್ನು ಎಳೆದು ನೀರಿನಲ್ಲಿ ಅದ್ದಿ ಹೊದಿಸಿದವಳು ನಾನು. ಅವರೆ ಗಿಡದ ಹುಳಕ್ಕೆ ಕಷಾಯ ಮಾಡಿ ಹೊಡೆಯಲು ಹೊಗೆಸೊಪ್ಪಿನ ಕಡ್ಡಿ ತಂದಿದ್ದ ಚೀಲ ಅದು. ನಿಮ್ಮನ್ನು ಬೈದ ಮಾರನೆಯ ದಿನ ಮೂಸಿ ನೋಡಿದಾಗ ತಿಳಿಯಿತು. ಚೀಲವನ್ನು ಬಚ್ಚಲ ಒಲೆಗೆ ಹಾಕಿದೆ. ಅದಾದ ಮೇಲೂ ನೀವು ಏಳು ದಿನ ಮನೆಯಲ್ಲಿದ್ದಿರಿ. ಏಳು ದಿನವೂ ನನಗೆ ಬಾಯಿ ಬರಲಿಲ್ಲ.

ಆಮೇಲೆ ಹೇಳೋಣವೆಂದರೆ ಆ ಕಟ್ಟು ಬಾಗಿಲಿಗೆ ಏರಿತ್ತು. ನಿಮ್ಮ ಮೇಲಿನ ಸಿಟ್ಟಿನಿಂದಲೇ ಅವರು ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದರು. ನಿಜ ಹೇಳಿದರೆ ಕೈ ಬಿಟ್ಟಾರು, ಹೊಲ ಹೋದೀತು ಅಂತ ಹೆದರಿದೆ. ಆ ಕಟ್ಟನ್ನು ನೋಡಿದಾಗಲೆಲ್ಲ ಓಡಿ ಓಡಿ ದುಡಿದೆ. ಅವರು ಅದನ್ನು ಸಿಟ್ಟು ಅಂದುಕೊಂಡರು.

ನಿಮ್ಮ ಕಾಗದದ ಒಂದು ಸಾಲನ್ನು ಅವರಿಗೆ ಓದದೆ ನುಂಗಿದ್ದೇನೆ. "ಯೋಚನೆ ಮಾಡಿದರೆ ತಪ್ಪು ನನ್ನದೇ ಇರಬೇಕು, ಬೀಡಿ ಬಿಟ್ಟು ವರ್ಷವಾಯಿತು" ಅಂತ ಬರೆದಿದ್ದೀರಿ. ಥೂ, ಎಂಥ ಮನುಷ್ಯ ನೀವು! ಅವತ್ತು ಒಂದೇ ಒಂದು ಸಲ "ನಾನು ಸೇದಿಲ್ಲ ಕಣೇ" ಅಂದಿರಿ. ಇನ್ನೊಂದು ಸಲ ಗಟ್ಟಿಯಾಗಿ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನನ್ನನ್ನೂ ಮಗುವನ್ನೂ ಬಿಟ್ಟು ಹೋದದ್ದಕ್ಕೆ ಸಿಟ್ಟು ಇನ್ನೂ ಇದೆ. ಆ ಸಿಟ್ಟು ಸುಳ್ಳಲ್ಲ.

ಸಾಲ ತೀರಿದ ದಿನವೇ ಸುಡಬೇಕಿದ್ದ ಕಟ್ಟನ್ನು ಏನೇನೋ ನೆಪ ಹೇಳಿ ಇಷ್ಟು ದಿನ ತಡೆದೆ. ಸೋಮವಾರ ಅವರು ಸುಡಲು ಬರುತ್ತಾರೆ. ಬೆಳಗಿನ ಬಸ್ಸಿಗೇ ಬನ್ನಿ. ಬೀಡಿ ಕಟ್ಟಿಗೆ ಬೆಂಕಿ ತಾಗುವ ಮೊದಲು ಮೂವರ ಎದುರಿಗೂ ಹೇಳುತ್ತೇನೆ. ಒಬ್ಬಳೇ ಹೇಳುವ ಧೈರ್ಯ ನನಗಿಲ್ಲ. ಅವರು ಮುಖಕ್ಕೆ ಉಗಿದರೆ ಒರೆಸಿಕೊಳ್ಳಲು ನಿಮ್ಮ ಟವಲ್ಲಾದರೂ ಇರಲಿ.