ಥಾರ್ನ್‌ಬಿ ಧಣಿ ಹೋಗದ ಮನೆ

ಖಲೀಫಾ ಸಿಟಿ, ಅಬುಧಾಬಿ
14 ಮೇ 2015

ಪ್ರೀತಿಯ ಮಾಯ್, ಬೆಸಾಂವ್ ದಿ, ನಿನ್ನ ಆಶೀರ್ವಾದ ಇರಲಿ.

ನಿನ್ನ ಮಂಡಿನೋವು ಹೇಗಿದೆ? ನಾಳೆ ಊರಿಗೆ ಹೊರಟ ಗೆಳತಿ ಜೋಯ್ಲಿನ್ ಕೈಯಲ್ಲಿ ಈ ಕಾಗದದ ಜೊತೆ ಮುಲಾಮು ಕಳಿಸಿದ್ದೇನೆ. ನೀನೇ ಹಚ್ಚಿಕೋ, ನೆರೆಕರೆಗೆಲ್ಲ ಹಂಚಬೇಡ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ "ಆಯ್ತು, ಆಯ್ತು" ಎಂದು ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮ ಯುಜಿನ್ ಎಲ್ಲ ಹೇಳಿದ. ಪಂಚಾಯತ್ ಚುನಾವಣೆಗೆ ನಾಮಪತ್ರ ಹಾಕಿದ ನೀನು, ಎದುರಿಗೆ ನಾವು ಒಕ್ಕಲಾಗಿದ್ದ ದ್ವಾರಕನಾಥ ಧಣಿಗಳ ಸೊಸೆ ನಿಂತರೆಂದು ತಿಳಿದು ವಾಪಸ್ ತೆಗೆಯುವ ಯೋಚನೆಯಲ್ಲಿದ್ದೀಯಂತೆ. "ಅವರ ಮನೆಗೆ ಹೋಗಿ ಓಟು ಕೇಳ್ಲಿಕ್ಕೆ ನನಗೆ ಮುಖ ಉಂಟಾ?" ಎಂದೆಯಂತೆ. ಅದಿರಲಿ, ಮೊದಲು ಇಲ್ಲಿಯ ಧಣಿಯ ಕಥೆ ಕೇಳು.

ನಾನು ನೋಡಿಕೊಳ್ಳುವ ಇಂಗ್ಲಿಷ್ ಅಜ್ಜ ಥಾರ್ನ್‌ಬಿಯವರು ಈಗ ಮಗಳ ವಿಲ್ಲಾದಲ್ಲಿ ಒಂದು ಕೋಣೆಯಲ್ಲಿದ್ದಾರೆ. ಅವರ ಊರಿನಲ್ಲಿ ದೊಡ್ಡ ಜಮೀನ್ದಾರರಂತೆ! ಮೂರು ಸಾವಿರ ಎಕರೆ, ಹನ್ನೊಂದು ಒಕ್ಕಲು, ಒಂದು ಹೊಳೆಯೂ ಇವರದೇ. ಹೊಳೆ ಒಬ್ಬರದಾಗುವುದು ಹೇಗೆ ಎಂದು ಕೇಳಿದೆ. ಮೀನು ಹಿಡಿಯುವ ಹಕ್ಕು ಎಂದರು, ನನಗೆ ಇನ್ನೂ ತಲೆಗೆ ಹೋಗಿಲ್ಲ. ಹನ್ನೆರಡು ವರ್ಷ ಪಾರ್ಲಿಮೆಂಟಿನಲ್ಲಿದ್ದವರು, ಈಗ ಚಹಾದ ಲೋಟ ತಾವೇ ತೊಳೆಯುತ್ತಾರೆ, ನಾನು ಕೈ ಹಾಕಿದರೆ ಗದರುತ್ತಾರೆ. ಓಟಿಗಾಗಿ ಒಕ್ಕಲುಗಳ ಬಾಗಿಲಿಗೆ ಟೊಪ್ಪಿ ಕೈಯಲ್ಲಿ ಹಿಡಿದು ಹೋಗುತ್ತಿದ್ದರಂತೆ! ನಮ್ಮ ಧಣಿಗಳು ಯಾರದಾದರೂ ಬಾಗಿಲಲ್ಲಿ ನಿಂತದ್ದನ್ನು ನೀನು ಕಂಡಿದ್ದೀಯಾ? ನನಗಂತೂ ಕೇಳಿದಷ್ಟೂ ಕೇಳಬೇಕೆನಿಸುತ್ತದೆ.

ಕೊನೆಯ ಚುನಾವಣೆಯಲ್ಲಿ ಮಾತ್ರ ಒಂದು ಒಕ್ಕಲಿನ ಮನೆ ಬಿಟ್ಟರು. ಗೇಟಿಗೆ ಎದುರು ಪಕ್ಷದ ಪೋಸ್ಟರ್ ಅಂಟಿಸಿತ್ತು, ಮುಖ ಮುರಿದಂತಾಗಿ ಕಾರು ನಿಲ್ಲಿಸಲಿಲ್ಲ. ಆ ಸಲ ಸೋತರು. ಮರುದಿನ ಆ ಮನೆಯ ಹೆಂಗಸು ಬಂದು, "ಪೋಸ್ಟರ್ ಗಂಡನದು, ನಾನು ನಿಮಗೆಂದು ಕೇಕ್ ಮಾಡಿ ಸಂಜೆಯವರೆಗೆ ಕಾದೆ" ಎಂದಳಂತೆ. ಆ ಒಂದು ಓಟಿನಿಂದ ಸೋತದ್ದಲ್ಲ, ಸಾವಿರಾರು ಓಟುಗಳಿಂದ ಸೋತದ್ದು. ಆದರೂ ಪಾರ್ಲಿಮೆಂಟಿನ ಬಗ್ಗೆ ನಾನು ಏನು ಕೇಳಿದರೂ ಆ ಕೇಕಿಗೇ ಬಂದು ನಿಲ್ಲುತ್ತಾರೆ. ನಲವತ್ತು ವರ್ಷವಾಯಿತು, ಹೇಳುವಾಗ ಈಗಲೂ ಅವರ ಕಣ್ಣು ತುಂಬುತ್ತದೆ. ನನಗೂ ತಡೆಯಲಾಗಲಿಲ್ಲ ಮಾಯ್.

ಪಪ್ಪನ ಸಮಾಧಿಯಲ್ಲಿ ನನ್ನ ಹೆಸರಿನ ಮೇಣದಬತ್ತಿ ಹಚ್ಚು. ಯುಜಿನ್‌ಗೆ ಪ್ರೀತಿ, ಜೊತೆಗೆ ಬೈಕ್ ನಿಧಾನ ಓಡಿಸಲು ಹೇಳು.

ನಿನ್ನ ಬೆಸಾಂವ್ ಬೇಡುವ,
ಮಾರ್ಟಿನಾ

ತಾ.ಕ.: ಬೈಯಬೇಡ. ನಿನ್ನೆ ಧಣಿಗಳ ಮನೆಗೆ ನಾನೇ ಫೋನ್ ಮಾಡಿದೆ. ಎತ್ತಿದ್ದು ಆ ಸೊಸೆಯೇ. ಭಾನುವಾರ ಚರ್ಚಿನ ಪೂಜೆ ಮುಗಿಸಿ ನನ್ನ ತಾಯಿ ಜೋಸ್ಫಿನ್ ಬಾಯಿ ಓಟು ಕೇಳಲು ಬರುತ್ತಾರೆ ಎಂದುಬಿಟ್ಟೆ. ಅದಕ್ಕೆ ಅವರು, "ಬರ್ಲಿ ಮಾರಾಯ್ತಿ, ನಿಮ್ಮಲ್ಲಿಗೆ ಬರ್ಲಿಕ್ಕೆ ನನಗೇ ಹೆದರಿಕೆ ಆಗಿತ್ತು" ಎಂದರು. ಇನ್ನು ನಾಮಪತ್ರ ವಾಪಸ್ ತೆಗೆಯುವ ಮಾತಿಲ್ಲ. ಚಿಕ್ಕಂದಿನಲ್ಲಿ ಗೇಣಿ ಅಕ್ಕಿ ಹೊತ್ತು ಹೋದ ಹಿಂಬಾಗಿಲೇ ನಿನ್ನ ಕಾಲಿಗೆ ಅಭ್ಯಾಸ, ಗೊತ್ತು. ಈ ಸಲ ಎದುರಿನ ಮೆಟ್ಟಿಲು ಹತ್ತು.